ಅಡ್ಡಿಲ್ಲ

ಹಡಗಿನ ಅಡುಗೆಯವ ಕೊಟ್ಟ ತಗಡಿನ ಡಬ್ಬಿ.
ಒಳಗೆ ಐದು ಚುಟ್ಟಾ, ನನ್ನ ಕಿರುಬೆರಳಿಗಿಂತ
ಒಂದು ಉಗುರು ಉದ್ದ.

ಪಾಸ್ಕು ಒಂದನ್ನು ಕಿವಿಯ ಹತ್ತಿರ ಹಿಡಿದು
ಬೆರಳಲ್ಲಿ ಹೊರಳಿಸಿದ. ಸದ್ದು ಮಾಡಿದರೆ ಒಣಗಿದ್ದಂತೆ.
ಮಾಡಲಿಲ್ಲ. ಮೂಸಿದ: "ಗೇರುಬೀಜದ ಗೋಣಿ."
ಕೋಡಿಬಾಗದ ಗಾಳಿಗೆ ಮೂರು ಕಡ್ಡಿ ಹೋದವು,
ನಾಲ್ಕನೆಯದು ಅವನ ಅಂಗಿಯ ಮರೆಯಲ್ಲಿ
ಇಬ್ಬರದನ್ನೂ ಹೊತ್ತಿಸಿತು.

ಮೊದಲ ದಮ್ಮು ತುಸು ಖಾರ,
ಆಮೇಲೆ ತಳ ಹಿಡಿದ ಬೆಲ್ಲ,
ನಡುವೆ ಎಲ್ಲೋ, ಸರಿಯಾಗಿ ಹೇಳಲಾರೆ,
ನೆನೆದ ಹಗ್ಗ.
ಬೂದಿ ಮಾತ್ರ ಬೆಳ್ಳಗೆ ನಿಂತೇ ಇತ್ತು,
ಸಾಹೇಬರು ಬರುವವರೆಗೂ ಕೂರದ
ಬಂದರು ಕಚೇರಿಯ ಜವಾನನ ಹಾಗೆ.

"ಹ್ಯಾಂಗದೆ?" ಅಂದೆ.
ಕಾಳಿಗೆ ಅಡ್ಡ ಮೂವತ್ತು ವರ್ಷ ತಾರಿ ಬಿಟ್ಟವ
ಸದಾಶಿವಗಡದ ಕಡೆ ನೋಡುತ್ತ ಸೇದಿದ,
ತುಟಿ ಸುಡುವವರೆಗೂ.
ತುಂಡನ್ನು ನೀರಿಗೆ ಎಸೆಯಲಿಲ್ಲ,
ಮರಳಲ್ಲಿ ಒತ್ತಿದ.

"ಅಡ್ಡಿಲ್ಲ," ಅಂದ. "ಇಳಿತ ಇಲ್ಲದಿದ್ದರೆ
ಆ ದಡ ಮುಟ್ಟುವಷ್ಟು ಬರ್ತದೆ.
ತಿರುಗಿ ಬರಲಿಕ್ಕೆ
ಇನ್ನೊಂದು ಬೇಕು."

ಡಬ್ಬಿ ಮುಚ್ಚಿ ಕಿಸೆಗೆ ಹಾಕಿದ್ದೆ.
ತೆಗೆದೆ.