ಕಾಲುಂಗುರ

ಅಕ್ರಾದಿಂದ ಬರುವಾಗ ಟ್ರೊಟ್ರೊ ವ್ಯಾನಿನಲ್ಲಿ ಸೆನ್ಯೊ
ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡದ್ದು ಮಗುವನ್ನಲ್ಲ,
ಕಂತಿನಲ್ಲಿ ಕೊಂಡ ಉದ್ದ ಮೂತಿಯ ಕ್ಯಾಮೆರಾವನ್ನು.
ಮಗು ನನ್ನ ತೊಡೆಯ ಮೇಲಿತ್ತು. ಅದರ ವಾಂತಿಯೂ.

ಕೇಟಾದ ಹಿನ್ನೀರು ಆ ಬೆಳಿಗ್ಗೆ
ತೊಳೆದು ಒರೆಸದೆ ಬಿಟ್ಟ ತಟ್ಟೆ.
ಈ ಬದಿ ಈರುಳ್ಳಿ ಮಡಿ, ಆ ಬದಿ ಉಪ್ಪು,
ನಡುವೆ ಅಗ್ಬೆಕೊನ ದೋಣಿ, ಒಂದು ಉದ್ದನೆಯ ಗಳ.
ಮಾವ ದೊತ್ಸೆ ಮುಂದೆ ಕೂತರು,
ಹಕ್ಕಿ ನೋಡಲು ದುಡ್ಡು ಕೊಡುವವರನ್ನು
ಈವರೆಗೆ ಕಂಡಿಲ್ಲ ಎನ್ನುವಂಥ ಬೆನ್ನು ಹಾಕಿ.

ಮೆಟ್ಟುಗಾಲು ಹಕ್ಕಿ ಬಂತು. ಸುಲಭ.
ಹನ್ನೊಂದರ ಯಾಯ್ರಾ ಪುಸ್ತಕ ತೆರೆಯಲೂ ಇಲ್ಲ:
ಅಷ್ಟುದ್ದ ಕೆಂಪು ಕಾಲು ಇನ್ನಾರಿಗಿದೆ?
ಕಪ್ಪುಬಿಳಿ ಮಿಂಚುಳ್ಳಿ ಗಾಳಿಗೆ ಮೊಳೆ ಹೊಡೆದ ಹಾಗೆ ನಿಂತು
ಬಿತ್ತು. ಸೆನ್ಯೊ ಒತ್ತಿದ. ಸಿಕ್ಕಿದ್ದು ನೀರಿನ ಬಳೆ.
ಮತ್ತೆ ಒತ್ತಿದ: ನನ್ನ ಮೊಣಕೈ.
ಮತ್ತೆ: ಆಕಾಶ, ಬಹಳ ಸ್ಪಷ್ಟವಾದ ಆಕಾಶ.

ಆಮೇಲೆ ರೀವಗಳು.
ಮರಳ ದಿಣ್ಣೆಯ ಮೇಲೆ ನೂರಿನ್ನೂರು,
ಎಲ್ಲವೂ ಗಾಳಿಗೆ ಮುಖ ಕೊಟ್ಟು, ಬಿಳಿ ಅಂಗಿ, ಕರಿ ಟೋಪಿ,
ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ.
ಎಲ್ಲ ಒಂದೇ ಅಲ್ಲವೇ, ಎಂದೆ.
ಎನ್ನಬಾರದಿತ್ತು.
ಕೊಕ್ಕು ಕೆಂಪೆಂದ ಅಪ್ಪ, ಕಪ್ಪೆಂದಳು ಮಗಳು,
ಬಾಲದ ಕವಲು ರೆಕ್ಕೆಗಿಂತ ಉದ್ದವೋ ಗಿಡ್ಡವೋ,
ಈ ಕಾಲದಲ್ಲಿ ಎಲ್ಲಕ್ಕೂ ಹಣೆ ನರೆಯುತ್ತದಂತೆ.
ಪುಸ್ತಕದ ಪುಟ ಗಾಳಿಗೆ ತಾನೇ ಮಗುಚಿ
ಗೂಬೆಗಳಲ್ಲಿ ಹೋಗಿ ನಿಂತಿತು.

ಆಗ ಮಾವ, ತಿರುಗದೆಯೇ:
"ಅದು ದೊಡ್ಡ ಜಾತಿ. ಕರಿ ಕೊಕ್ಕಿನ ತುದಿ ನೋಡು,
ಮುಸುಕಿನ ಜೋಳದ ಹಿಟ್ಟಲ್ಲಿ ಅದ್ದಿದ ಹಾಗೆ.
ಪಕ್ಕದ್ದು ಸಣ್ಣದು. ಅದೇ ಜಾಸ್ತಿ ಕುಕ್ಕುತ್ತಿತ್ತು."

ಕುಕ್ಕುತ್ತಿತ್ತು?
ಕ್ಯಾಮೆರಾ ಕೆಳಗಿಳಿಯಿತು.

ಹೇಳಿದರು, ಗಳದ ಸದ್ದಿಗಿಂತ ಮೆಲ್ಲಗೆ:
ಮರಳಲ್ಲಿ ಸತ್ತ ಮೀನು, ಮೀನಿನ ಸುತ್ತ ದಾರದ ಕುಣಿಕೆ,
ತೆಂಗಿನ ಮರೆಯಲ್ಲಿ ಬೋರಲು ಮಲಗಿದ ಆರೇಳು ಹುಡುಗರು.
ಹಸಿವಿತ್ತೇ? ಇತ್ತು, ಕೆಲವು ಸಲ.
ಬಹಳ ಸಲ ಆಟ.
ಕೆಲವದರ ಕಾಲಲ್ಲಿ ಉಂಗುರ, ಉಂಗುರದಲ್ಲಿ ಅಂಕೆ,
ನಮಗೆ ಓದಲು ಬಾರದ ಊರು.
ಹದಿನಾಲ್ಕು ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೆ.
ದೊರೆ ನಾನು, ಆ ದಡಕ್ಕೆ.

ದಡದಲ್ಲಿ ಅಬೊಲೊ ಬಿಚ್ಚಿದೆ, ಹುರಿದ ಕಿರುಮೀನು, ಮೆಣಸು.
ಯಾಯ್ರಾ ಮೀನು ಮುಟ್ಟಲಿಲ್ಲ, ಅಜ್ಜನ ಕಡೆ ನೋಡಲಿಲ್ಲ.
ಚಿಕ್ಕವನು ದೆಲಾ, ಹೊಟ್ಟೆ ಸರಿಹೋಗಿತ್ತು,
ತನ್ನದನ್ನೂ ಅವಳದನ್ನೂ ತಿಂದ.

ನೆರಳಲ್ಲಿ ಕೂತು ಸೆನ್ಯೊ ಚಿತ್ರಗಳನ್ನು ಹಿಗ್ಗಿಸುತ್ತಾ ಹೋದ.
ಮುನ್ನೂರ ಹನ್ನೆರಡರಲ್ಲಿ ಒಂದು,
ದೋಣಿ ಅಲುಗಿದಾಗ ತಾನೇ ಆದದ್ದು:
ಒಂಟಿಕಾಲಲ್ಲಿ ನಿಂತ ರೀವ, ಆ ಕಾಲಿಗೊಂದು ಕಾಲುಂಗುರ.
ಐದು, ಮೂರು, ಎಂಟೋ ಆರೋ.
ಉಳಿದದ್ದು ಕಾಲಿನ ಆಚೆ ಬದಿಗೆ.
ಮಾವ ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿದರು.
"ಇದೆ," ಎಂದರು, ಲೆಕ್ಕ ತಪ್ಪಿದವರ ಹಾಗೆ. "ಇನ್ನೂ ಇದೆ."

"ಕೈಯಲ್ಲಿ ಎಷ್ಟು ಭಾರ ಇರುತ್ತಿತ್ತು?"
ಹುಡುಗಿ ಕೇಳಿದ್ದು ನೆಲವನ್ನು.

ಅವರು ಎದ್ದು, ಕಿತ್ತು ಒಣಗಲು ಹರವಿದ್ದ ಈರುಳ್ಳಿಯಿಂದ
ಅವಳ ಬೊಗಸೆಗೆ ಒಂದೊಂದೇ ಇಟ್ಟರು.
ಆರು. ಏಳು. ಒಂದನ್ನು ತೆಗೆದು ದಪ್ಪದ್ದು ಹಾಕಿದರು. ಒಂಬತ್ತು.
ತಮ್ಮ ಕೈ ಅವಳ ಕೈಯಡಿ ಹಿಡಿದು, ಕಣ್ಣು ಮುಚ್ಚಿ ತೂಗಿ,
"ಇಷ್ಟು," ಎಂದರು. "ಆದರೆ ಇದು ಸುಮ್ಮನಿದೆ."

ರಾತ್ರಿ ಅವಳ ನೋಟ್‌ಬುಕ್ ತೆರೆದೆ, ಕೇಳದೆ.
ಕೊಕ್ಕು: ಕಪ್ಪು, ತುದಿ ಹಳದಿ.
ಅಂಕೆ: ಐದು ಮೂರು, ಮುಂದಿನದು ಅನುಮಾನ.
ತೂಕ: ಒಂಬತ್ತು ಈರುಳ್ಳಿ.
ಗುರುತಿಸಿದವರು ಎಂಬಲ್ಲಿ
ದೊತ್ಸೆ ಎಂದು ಬರೆದು, ಹೊಡೆದುಹಾಕಿ,
ಮತ್ತೆ ಬರೆದಿದ್ದಳು.