ನಡು

ನಾಲ್ಕೂವರೆಗೇ ಕತ್ತಲು. ಗ್ರೋನಿಂಗನ್ನಿನ ಡಿಸೆಂಬರ್
ಕಾಲುವೆಗಳ ಮೇಲೆ ಕದ ಎಳೆದುಕೊಂಡು ಹೋಯಿತು.
ನನ್ನ ಸೂಕ್ಷ್ಮದರ್ಶಕದಲ್ಲಿ ಮಾತ್ರ ಹಸಿರು ದೀಪ:
ಚೀಸಿನಲ್ಲಿ ಸಿಕ್ಕ ಜೀರಿಗೆಯ ಆಕಾರ,
ಜೀರಿಗೆಗಿಂತ ಎರಡು ಸಾವಿರ ಪಟ್ಟು ಚಿಕ್ಕ ಜೀವ.

ಒಳಗೆ ಕೋಣೆಯಿಲ್ಲ, ಅಡ್ಡಗೋಡೆಯಿಲ್ಲ, ಅಳತೆಗೋಲಿಲ್ಲ.
ಆದರೂ ಇಬ್ಭಾಗವಾಗಬೇಕು, ಸರಿಯಾಗಿ ನಡುವಿನಲ್ಲಿ.
ನಡು ಇಲ್ಲಿದೆ ಎಂದು ಹೇಳುವವರು ಯಾರು?

ಪ್ರೋಟೀನೊಂದು ಎಡದ ತುದಿಗೆ ಹೋಗಿ ಮೆತ್ತಿಕೊಳ್ಳುತ್ತದೆ.
ಇನ್ನೊಂದು ಬೆನ್ನಟ್ಟಿ ಬಂದು ಕಿತ್ತೆಬ್ಬಿಸುತ್ತದೆ.
ಎದ್ದದ್ದು ಬಲದ ತುದಿಗೆ. ಅಲ್ಲಿಗೂ ಬಂತು ಅದು.
ಮತ್ತೆ ಎಡಕ್ಕೆ. ಹೆಚ್ಚುಕಡಿಮೆ ನಿಮಿಷಕ್ಕೊಂದು ಸುತ್ತು.
ಅದು ಕೂತಲ್ಲಿ ಉಂಗುರ ಕಟ್ಟುವಂತಿಲ್ಲ;
ತುದಿಗಳಲ್ಲಿ ಅದರ ಕಾವಲು ಬಿಗಿ, ನಡುವಿನಲ್ಲಿ
ದಾಟಿಹೋಗುವ ಹೊತ್ತಷ್ಟೆ.
ಆ ಬಿಡುವಿನಲ್ಲೇ ಉಂಗುರ ಕೂಡಿಕೊಂಡು
ನಡು ಸಣ್ಣಗಾಗುತ್ತದೆ.

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ,
ಇಲ್ಲಿ ಅವೆರಡೂ ಸೇರಿಯೇ ದಾರಿ ತೋರುವುದು.

ಓಡಾಡುವ ಪ್ರೋಟೀನು ತೆಗೆದ ತಳಿಯನ್ನೂ
ವೊಪ್ಕೆ ಬೆಳೆಸಿದ್ದಾನೆ. ಅವು ತುದಿಯಲ್ಲೇ ತುಂಡಾಗುತ್ತವೆ.
ಉದುರಿದ ಪುಟ್ಟ ಗುಂಡುಗಳಲ್ಲಿ
ಜೀವದ ಕಾವಿದೆ, ವಂಶದ ನೂಲಿಲ್ಲ.
'ಸ್ವಲ್ಪ ಹೊತ್ತು ಇರುತ್ತವೆ,' ಎಂದ, 'ಬೆಳೆಯೋದಿಲ್ಲ.'
ಪಟ್ಟಿಯಲ್ಲಿ ಎಣಿಕೆ ಬರೆದೆ: ನಲವತ್ತೊಂದು.

ಇವತ್ತು ಬುಧವಾರ. ಸೀಟ್ಸೆ ಅಪ್ಪನ ಮನೆಗೆ ಹೋಗುವ ದಿನ.
ಬೆನ್ನಿಗೆ ಚೀಲ, ಸೈಕಲ್ಲು, ಹನ್ನೊಂದು ವರ್ಷ.
ಬೇಕಾದ ಗಣಿತ ಪುಸ್ತಕ ಯಾವತ್ತೂ ಇನ್ನೊಂದು ಮನೆಯಲ್ಲಿ.
ಈ ವಾರ ನಾಲ್ಕು ದಿನ ಅಲ್ಲಿ, ಮೂರು ಇಲ್ಲಿ;
ಮುಂದಿನ ವಾರ ತಿರುವುಮುರುವು.
ಸಮಪಾಲು ಎಂದು ನಾವಿಬ್ಬರೂ ಸಹಿ ಹಾಕಿದೆವು,
ಅವನನ್ನು ಕೇಳಿದ್ದು ಆಮೇಲೆ.

'ನಿನ್ನ ಮನೆ ಯಾವುದು ಅಂತ ಯಾರಾದರೂ ಕೇಳಿದರೆ?'
ಎಂದೆ ಒಮ್ಮೆ. ಕೇಳಬಾರದಿತ್ತು.
ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡೇ ಹೇಳಿದ:
'ಸೇತುವೆ ಎತ್ತಿದಾಗ ದೋಣಿ ದಾಟೋತನಕ ನಿಲ್ಲುತ್ತೀನಲ್ಲ,
ಅಲ್ಲಿ ಮೀನಂಗಡಿಯವಳಿಗೆ
ನನ್ನ ಹೆಸರು ಗೊತ್ತು.'

ಹಸಿರು ಎಡಕ್ಕೆ. ಹಸಿರು ಬಲಕ್ಕೆ.
ಗಡಿಯಾರದಲ್ಲಿ ಐದೂಕಾಲು; ಈಗ ಸೇತುವೆ ಹತ್ತಿರ ಇರಬೇಕು.
ಕೈಗವಸು ಒಂದೇ ಒಂದು,
ನನ್ನ ಕೋಟಿನ ಜೇಬಿನಲ್ಲಿದೆ.