ಎಡಗಡೆಯ ಸ್ಪ್ರಿಂಗು

ಮೋದೀನ ಕೂಲಿ ಹೇಳಿದ್ದ:
ಎರಡೂ ಕಡೆ ಸೇರಿ ಎರಡು ಸಾವಿರದ ನಾಲ್ಕನೂರು.
"ಸ್ಪ್ರಿಂಗ್ ನಿಮ್ಮವು, ಕೈ ನಂದು, ಅಕ್ಕಾರ."
ನಾ ಅಲ್ಲೇ ಲೆಕ್ಕಾ ಹಾಕಿದೆ. ಅಷ್ಟಂದ್ರ
ಅರವತ್ತು ಕಿಲೋ ದೋಸೆ ಹಿಟ್ಟು.
ಅರವತ್ತು ಕಿಲೋ ಅಂದ್ರ ಎರಡು ನಸುಕು,
ಗ್ರೈಂಡರಿನ ಗುರುಗುರು, ಮೊಣಕೈತನಕ ಬಿಳೇ ಕೈ.
ಒಲ್ಲೆ ಅಂತ ಹೊಳ್ಳಿ ಬಂದೆ.

ಪುಣೆದಿಂದ ಲಾರಿ ಪಾರ್ಸಲ್‌ನಾಗ ಬಂದಿದ್ದವು ಆ ಜೋಡಿ.
ಕಂಪನಿಯವಲ್ಲ. ಭಾರ ಹೊರಾಕಂತ ಯಾರೋ ಬ್ಯಾರೇ ಸುತ್ತಿದ್ದು,
ತಂತಿ ಒಂದು ನೂಲು ದಪ್ಪ, ಬಣ್ಣ ಕೆಂಪು.
ಅನಗೋಳದ ನಮ್ಮ ಕಟ್ಟಿ ಮ್ಯಾಲೆ ನಿಲ್ಲಿಸಿದೆ.
ಎದುರಿಗೆ ಇಂಡಿಕಾ, ಹಿಂದ ಕುಂತ ಎಮ್ಮಿ,
ಐದು ವರ್ಷ ಹಿಟ್ಟಿನ ಕ್ಯಾನು ಹೊತ್ತು
ಮೂರನೇ ಗೇಟಿನ ಹಳಿ ದಾಟುವಾಗೆಲ್ಲಾ
ಹೊಟ್ಟಿ ಕೆರಕೊಂಡದ್ದು.

ಐತವಾರ. ಜಿನ್ನಪ್ಪ ಕಾಕಾ ಖುರ್ಚಿ ತರಿಸಿ ಕುಂತ.
ಉದ್ಯಮಬಾಗದ ಫೌಂಡ್ರಿಯೊಳಗ ಮೂವತ್ತೊಂದು ವರ್ಷ ಟರ್ನರ್,
ಈಗ ಮೊಣಕಾಲು ಮಡಚಂಗಿಲ್ಲ. ಕ್ಲ್ಯಾಂಪು ಅವಂದು, ಮಾತೂ ಅವಂದು.
"ಮ್ಯಾಲಿನ ನಟ್ಟಿಗೆ ಈಗ ಕೈ ಹಚ್ಚಬ್ಯಾಡವ್ವಾ.
ಮದಲು ಹಿಂಡಿ ಸಣ್ಣದು ಮಾಡು.
ಅದು ಕಬ್ಬಿಣ ಅಲ್ಲ, ತಡದ ಸಿಟ್ಟು."

ಅರ್ಧ ಸುತ್ತು ಈ ಕಡೆ,
ಅರ್ಧ ಸುತ್ತು ಆ ಕಡೆ.
ತ್ರಿಶಲಾನ್ನ ಒಳಗ ಕಳಿಸಿ ಕದಾ ಹಾಕಿದ್ದೆ.
ಕಿಟಕಿಯೊಳಗಿಂದ ಎಣಿಸಾಕತ್ತಿದ್ಲು
ಹದಿನೆಂಟು, ಹತ್ತೊಂಬತ್ತು,
ತಪ್ಪಿದ್ರ ಮತ್ತ ಮದಲಿಂದ ಅನ್ನೋ ಹಂಗ ಗಟ್ಟಿಯಾಗಿ.
ಹಿಟ್ಟು ಉಬ್ಬಿದ್ರ ಗೊತ್ತಾಕ್ಕೈತಿ, ವಾಸನಿ ಬರತೈತಿ.
ಇದಕ್ಕ ವಾಸನಿ ಇಲ್ಲ, ಸಪ್ಪಳ ಇಲ್ಲ,
ಸುಮ್ಮನ ನನ್ನ ಮಾರಿ ನೋಡಿಕೋತ
ಸಣ್ಣದಾಕ್ಕೋತ ಹೋತು.
ನಲವತ್ತೊಂದು.

ಹೊತ್ತು ಮುಳುಗೂದ್ರಾಗ ಎಡಗಡೆ ಮುಗೀತು.
ಬಲಗಡೆಗೆ ಹಾಕಿದಾಗ ಕ್ಲ್ಯಾಂಪಿನ ಥ್ರೆಡ್ ಜಾರಿ
ಕಟ್ ಅಂತು.
ಏನೂ ಹಾರಲಿಲ್ಲ. ಯಾರಿಗೂ ಬಡೀಲಿಲ್ಲ.
ಆದ್ರೂ ಒಂದು ಗೂಡ್ಸ್ ಗಾಡಿ ದಾಟೂವಷ್ಟು ಹೊತ್ತು
ಮೂರೂ ಮಂದಿ ಮಾತಾಡಲಿಲ್ಲ.
"ಸಾಕು" ಅಂದ ಕಾಕಾ, ಮೆತ್ತಗ.
ಅವನ ದನಿಯೊಳಗಿನ ನಿರಾಳಕ್ಕ ಸಿಟ್ಟು ಬಂತು ನನಗ,
ಆಮ್ಯಾಲೆ ನನ್ನದರ ಮ್ಯಾಲೂ.

ಹಿಟ್ಟು ಸೋಮವಾರಕ್ಕ ಕಾಯಂಗಿಲ್ಲ, ಸೋಮವಾರ ಹಿಟ್ಟಿಗೆ ಕಾಯಂಗಿಲ್ಲ.
ಎಡಗಡೆ ಎತ್ತರ, ಬಲಗಡೆ ತಗ್ಗು,
ಖಾನಾಪುರ ರೋಡಿನುದ್ದ ಜನಾ ಹೊಳ್ಳಿ ನೋಡಿದ್ರು.
ಕ್ಯಾನಿನೊಳಗಿನ ಹಿಟ್ಟು ಮಾತ್ರ ಸಮ ನಿಂತಿತ್ತು.

ಮೋದೀನ ನಗಲಿಲ್ಲ. ಬಲಗಡೆಗೆ ನಲವತ್ತು ಮಿನಿಟು.
ಮದಲು ಒಂದು ಸರಪಳಿ ತಂದು ಸ್ಪ್ರಿಂಗಿನ ಕೊಳ್ಳಿಗೆ ಸುತ್ತಿದ.
"ಇದ್ಯಾಕ?" ಅಂದೆ.
ಗದ್ದ ಎತ್ತಿದ. ಗಡ್ಡದ ನಡುವ ಒಂದು ಬಟ್ಟಿನಗಲ
ಕೂದಲು ಹುಟ್ಟದ ಜಾಗಾ.
"ಹದಿನಾರು ಇತ್ತು ನನಗ. ಹುಬ್ಬಳ್ಳಿಯೊಳಗ."
ಅಷ್ಟೇ ಹೇಳಿ ಪಾನಾ ಹಿಡದ.
ಅವನ ಕೂಲಿಯೊಳಗ ಏನೇನು ಸೇರೈತಿ ಅಂತ
ನಾ ಬರೇ ಹಿಟ್ಟಿನ ತಕ್ಕಡಿಯೊಳಗ ತೂಗಿದ್ದೆ.

ಆಮ್ಯಾಲೆ ಎಡಗಡೆ ಬಗ್ಗಿದ. ನಾ ಉಸುರು ಹಿಡದೆ.
"ಬಾಲದ ತುದಿ ಮನೀಗೆ ಹತ್ತಿಲ್ರೀ, ಒಂದು ಬಟ್ಟು ದೂರ ಐತಿ.
ಉಳದದ್ದು ಸೈ. ನಾ ಮಾಡ್ಲೇನು?"
"ಸರಪಳಿ ಕೊಡು" ಅಂದೆ.
ಕೊಟ್ಟ. ದೂರ ನಿಂತು ಚಾ ಕುಡುದ,
ಬಾಯಿ ಹಾಕಲಿಲ್ಲ. ಒಮ್ಮೆ ಮಾತ್ರ, "ಗದ್ದ ಸರಸ್ರಿ."

ರಾತ್ರಿ ವಹಿ ತಗದು ಬರದೆ:
ಬಲಗಡೆ, ಮೋದೀನ, ಸಾವಿರದ ಎರಡನೂರು.
ಸರಪಳಿ ಬಾಡಿಗಿ, ಐವತ್ತು; ಬ್ಯಾಡ ಅಂದ್ರೂ ಕೊಟ್ಟದ್ದು.
ಎಡಗಡೆ ಅಂತ ಬರದು ಪೆನ್ನು ನಿಂತಿತು.
ಒಗ್ಗರಣಿ ಹಾಕಾಕ ಎದ್ದು ಹೋಗಿ ಬರೂದ್ರಾಗ
ಆ ಖಾಲಿ ಜಾಗಾದಾಗ ತ್ರಿಶಲಾನ ಅಕ್ಷರ,
ಅಂಕಿ ಅಲ್ಲ, ಪೂರಾ ಬಿಡಿಸಿ:
ನಲವತ್ತೊಂದು.